ಭಾಲ್ಕಿಯಲ್ಲಿ ಕಪ್ಪೆಯ ಲೆಕ್ಕ

ಭಾಲ್ಕಿಯ ಶಾಲೆಯಲ್ಲಿ ಮೊದಲ ದಿನ ಮಗ್ಗಿ ಹೇಳಿರೋ ಎಂದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮಕ್ಕಳು ಒಂದೇ ದನಿಯಲ್ಲಿ ‘ದೋ ಎಕಂ ದೋ, ದೋ ದೂನಿ ಚಾರ್’ ಎಂದು ಶುರು ಮಾಡಿದರು. ನಾನು ಕಕ್ಕಾಬಿಕ್ಕಿ! ನಿಜಾಮರ ಕಾಲದಲ್ಲಿ ಇಲ್ಲಿಯ ಶಾಲೆ ಉರ್ದುವಿನಲ್ಲೇ ನಡೆದಿತ್ತು. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಕನ್ನಡ ಕಲಿಸಲೆಂದು ನನ್ನನ್ನು ಧಾರವಾಡದಿಂದ ಕರೆಸಿದ್ದರು.

ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಮುಂಬೈ ಕಡೆಯವನೆಂದು ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಕೋಣೆ ಕೊಟ್ಟವರು ನಮ್ಮ ಶಾಲೆಯ ಲೆಕ್ಕದ ಗನಿ ಮಾಸ್ತರರು. ನಮ್ಮ ಕಚೇರಿ ಇಲ್ಲಿ ‘ದಫ್ತರ’ ಎಂದು ಕಲಿಸಿದವರೂ ಅವರೇ. ನಮ್ಮದಕ್ಕಿಂತ ದಪ್ಪನೆಯ ರೊಟ್ಟಿ ಬಡಿಸಿ, “ಉಣ್ರಿ ಸರ, ನಾಚ್ಕೋಬ್ಯಾಡ್ರಿ” ಎನ್ನುವರು.

ಅಷ್ಟರಲ್ಲಿ ಹುಕುಂ ಬಂತು: ಶಾಲಾ ತನಿಖೆಯ ಸಾಹೇಬರೆದುರು ಕನ್ನಡದಲ್ಲಿ ಪಾಠ ಮಾಡಿ ತೋರಿಸದ ಉರ್ದು ಮಾಸ್ತರರಿಗೆ ಕೆಲಸವಿಲ್ಲ. ಇಪ್ಪತ್ತು ವರ್ಷ ಕಲಿಸಿದವರನ್ನು ಹೀಗೆ ತೆಗೆಯುವುದೇ ಎಂದು ಆ ಸಾಹೇಬರನ್ನು ಕೇಳಿದೆ. ಅವರು ನಕ್ಕು, “ಟೂ ಸ್ಟೆಪ್ಸ್ ಫಾರ್ವರ್ಡ್, ವನ್ ಸ್ಟೆಪ್ ಬ್ಯಾಕ್” ಎಂದರು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಪ್ರಗತಿ ಎಂದರೆ ಹಾಗೆಯೇ ಅಂತೆ! ಹಿಂದೆ ಬೀಳುವವನು ಮಾತ್ರ ಯಾವಾಗಲೂ ಬೇರೆಯವನು.

ಆ ಮಾತು ಬಾವಿಯ ಕಪ್ಪೆಯಿಂದ ಹುಟ್ಟಿತೆನ್ನುತ್ತಾರೆ. ಹತ್ತು ಮೊಳದ ಬಾವಿಗೆ ಬಿದ್ದ ಕಪ್ಪೆ ಹಗಲು ಎರಡು ಮೊಳ ಏರುತ್ತದೆ, ರಾತ್ರಿ ಒಂದು ಮೊಳ ಜಾರುತ್ತದೆ. ಎಷ್ಟು ದಿನಕ್ಕೆ ಮೇಲೆ ಬಂದೀತು? ಸಾಹೇಬರಿಗೆ ಮೆಚ್ಚುಗೆಯಾಗಲಿ ಎಂದು ಪರೀಕ್ಷೆಯ ಪಾಠಕ್ಕೆ ಅದೇ ಲೆಕ್ಕವನ್ನು ಗನಿ ಮಾಸ್ತರರಿಗೆ ಕೊಟ್ಟೆ.

ಅವರು ಪಾಟಿ ಒರೆಸಿಬಿಟ್ಟರು. “ಬ್ಯಾರೆ ಲೆಕ್ಕ ಕೊಡ್ರಿ ಸರ.”

“ಇದೇ ಇರಲಿ, ನೌಕರಿ ಉಳೀತದ” ಎಂದು ಗದರಿಸಿದೆ. ಯಾಕೆ ಬೇಡ ಎಂದು ಒಂದು ಮಾತು ಕೇಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಪರೀಕ್ಷೆಯ ದಿನ ಮಾಸ್ತರರು ಹಲಗೆಯ ಮೇಲೆ ‘ಬಾವಿ’ ಎಂದು ಬರೆದು ನಿಂತುಬಿಟ್ಟರು.

“ಕಪ್ಪೆ ಯಾವಾಗ ಮೇಲೆ ಬರುತ್ತದೆ?” ಸಾಹೇಬರು ಕೇಳಿದರು.

“ಕಪ್ಪಿ ಬರ್ತದ್ರಿ ಸಾಹೇಬ್ರ. ಪೊಲೀಸ್ ಆಕ್ಷನ್ ಆದ ಗದ್ದಲದಾಗ ನನ್ನ ತಮ್ಮಂದಿರಿಬ್ರನ್ನೂ ಬಾವ್ಯಾಗ ಒಗದ್ರು. ಅವ್ರು ಬರ್ಲಿಲ್ರಿ.”

ಅದಕ್ಕೂ ಮೊದಲು ನಿಜಾಮರ ಕಡೆಯ ರಜಾಕಾರರ ಹಾವಳಿಯಲ್ಲಿ ಮನೆ ಸುಟ್ಟುಕೊಂಡವರೂ ನಮ್ಮ ಓಣಿಯಲ್ಲಿದ್ದರು. ಅವರ ಸಂಕಟ ನನಗೆ ಗೊತ್ತು. ಅದರ ಸೇಡಿಗೆ ಈ ಹುಡುಗರನ್ನು ಕೊಂದದ್ದು ಯಾವ ನ್ಯಾಯ?

ಸಾಹೇಬರು ಬರೆದುಕೊಂಡರು: ‘ಕನ್ನಡದಲ್ಲಿ ಉತ್ತರ ಹೇಳಲಿಲ್ಲ.’ ಮಾಸ್ತರರು ಹೇಳಿದ್ದು ಅಪ್ಪಟ ಬೀದರ ಕನ್ನಡದಲ್ಲಿ. ಅವರ ತರಗತಿಯೂ ನನ್ನ ಪಾಲಿಗೆ ಬಂತು.

ರಜೆಗೆ ಹೋದಾಗ ಧಾರವಾಡದವರು, ನಿಮ್ಮ ಭಾಲ್ಕಿ ಹ್ಯಾಂಗದ ಎಂದು ಕೇಳುತ್ತಾರೆ. ಭಾಲ್ಕಿಯವರು ನಿಮ್ಮ ಧಾರವಾಡ ಹ್ಯಾಂಗದರಿ ಎನ್ನುತ್ತಾರೆ. ನನ್ನ ಊರು ಯಾವುದೆಂದು ನನಗೇ ತಿಳಿಯದು. ಅಲ್ಲಿಂದ ಕನ್ನಡ ತಂದವನು ನಾನು. ಇಲ್ಲಿಯ ಕನ್ನಡಿಗನೊಬ್ಬನ ಕೆಲಸ ಕಳೆದವನೂ ನಾನೇ.