ಹೊಡೆಯದೆ ಬಿಟ್ಟ ಕಾಯಿ

ಹೋದ ವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿದ್ದೆ. ನಮ್ಮ ಯಜಮಾನರು ನಿವೃತ್ತರಾಗಿ ಕೆಲವು ತಿಂಗಳಾಯಿತು. ವಾಕಿಂಗು, ಪೇಪರು, ತರಕಾರಿ ಎಲ್ಲ ಮುಗಿದ ಮೇಲೂ ಅವರ ಕೈಯಲ್ಲಿ ಇಡೀ ಮಧ್ಯಾಹ್ನ ಮಿಕ್ಕಿರುತ್ತದೆ. ಆ ಮಧ್ಯಾಹ್ನವನ್ನು ಅವರು ನನ್ನ ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸುವುದಕ್ಕೆ ಬಳಸಲು ಶುರುಮಾಡಿದ ದಿನ, ಏನಾದರೂ ಆಟ ತಂದುಬಿಡೋಣ ಎಂದು ಹೊರಟೆ.

ಅಂಗಡಿಯಲ್ಲಿದ್ದ ಹುಡುಗಿ, "ಎಷ್ಟು ಜನ ಆಡೋದು ಮೇಡಂ?" ಅಂದಳು.

"ಇಬ್ಬರು."

"ಮಕ್ಕಳಾ?"

"ಅಲ್ಲಮ್ಮ, ದೊಡ್ಡವರು."

ಅವಳು ಮೇಲಿನಿಂದ ಒಂದೊಂದೇ ಪೆಟ್ಟಿಗೆ ಇಳಿಸಿ, "ಇದು ಸಖತ್ತಾಗಿದೆ ಆಂಟಿ, ಕೊನೇವರೆಗೂ ಟೆನ್ಷನ್ ಇರುತ್ತೆ" ಎಂದು ಹೊಗಳಿದಳು. ಪೆಟ್ಟಿಗೆ ತೆರೆಯುವಷ್ಟರಲ್ಲಿ ನಾನು ಮೇಡಂನಿಂದ ಆಂಟಿ ಆಗಿದ್ದೆ, ಅದಿರಲಿ. ಆಟವೆಂದರೆ ಟೆನ್ಷನ್ ಇರಬೇಕು ಎಂಬುದು ಅವಳ ಲೆಕ್ಕ. ನಾನು ಆಮೇಲೆ ಬರುತ್ತೇನೆಂದು ಹೇಳಿ ಬರಿಗೈಲಿ ಹೊರಗೆ ಬಂದೆ. ಟೆನ್ಷನ್ ಇಲ್ಲದ ಒಂದು ಆಟಕ್ಕಾಗಿ ಇದೇ ಜಯನಗರವನ್ನು ಒಂದು ಬೇಸಿಗೆಯಲ್ಲಿ ನಾನು ಅಲೆದಿದ್ದೆ. ಅದನ್ನು ನಿಮಗೆ ಹೇಳಿಬಿಡುತ್ತೇನೆ.

ಅದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಧಾರವಾಡದವಳು. ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ ಇಲ್ಲಿಗೆ ಬಂದು, ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರು ಗೆಳತಿಯರೊಡನೆ ಬಾಡಿಗೆಗಿದ್ದು, ಜಯನಗರದ ಹುಡುಗನನ್ನು ಮೆಚ್ಚಿ ಮದುವೆಯಾದೆ. ಹುಡುಗನ ತಂದೆಗೆ ಇದು ಸುತರಾಂ ಇಷ್ಟವಿರಲಿಲ್ಲ. ಪಂಗಡ ಬೇರೆ, ಮಾತಿನ ರಾಗ ಬೇರೆ, ಅವರು ನೋಡಿಟ್ಟಿದ್ದ ಹುಡುಗಿಯೂ ಬೇರೆ. ಮದುವೆಗೆ ಅವರು ಬರಲಿಲ್ಲ. ಅತ್ತೆ ಬಂದು ನಮ್ಮನ್ನು ಮನೆಗೆ ಕರೆದುಕೊಂಡು ಹೋದರು. ಮಾವ ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ.

ಅವರು ನನ್ನೊಡನೆ ಜಗಳವಾಡಿದವರಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೆ. ನಮ್ಮ ಭಾಷೆಯಲ್ಲಿ ಒಂದು ಅನುಕೂಲವಿದೆ ನೋಡಿ. ಎದುರಿಗಿರುವವರನ್ನು ನೀನು ಎನ್ನದೆ, ನೀವು ಎನ್ನದೆ, ಹೆಸರೂ ಹಿಡಿಯದೆ ಸಂಸಾರ ನಡೆಸಬಹುದು. "ಕಾಫಿ ಆಗಿದ್ರೆ ಕುಡೀಬಹುದಿತ್ತು." "ಇವತ್ತಿನ ಪೇಪರ್ ಎಲ್ಲಿ ಹೋಯ್ತೋ." ಇದನ್ನೆಲ್ಲ ಅವರು ಗೋಡೆಗೆ ಹೇಳುತ್ತಿದ್ದರು, ನಾನು ತಂದುಕೊಡುತ್ತಿದ್ದೆ. ಅತ್ತೆ ಇರುವವರೆಗೆ ಅವರು ನಡುವೆ ನಿಂತು ಆ ಕಡೆಯ ಮಾತು ಈ ಕಡೆಗೆ ದಾಟಿಸುತ್ತಿದ್ದರು. ಅತ್ತೆ ಕಾಯಿಲೆಯಾಗಿ ತೀರಿಕೊಂಡ ಮೇಲೆ ಗೋಡೆಯೊಂದೇ ಉಳಿಯಿತು.

ಮರುವರ್ಷ ಶಿವರಾತ್ರಿ ಆದಮೇಲೆ ಮಾವನಿಗೆ ಹೃದಯಾಘಾತವಾಯಿತು. ಆಸ್ಪತ್ರೆಯಿಂದ ಬರುವಾಗ ಡಾಕ್ಟರು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು. ಉದ್ವೇಗ ಆಗಬಾರದು, ಟಿವಿಯಲ್ಲಿ ಕ್ರಿಕೆಟ್ ಬೇಡ, ಗಟ್ಟಿಯಾಗಿ ಮಾತು ಬೇಡ. ಹಾಗಂತ ಸುಮ್ಮನೆ ಮಲಗಿ ಯೋಚನೆ ಮಾಡುವುದಕ್ಕೂ ಬಿಡಬೇಡಿ, ಮನಸ್ಸು ಕುಗ್ಗಿದರೆ ಅದು ಇನ್ನೂ ಕೆಟ್ಟದ್ದು. "ಏನಾದ್ರೂ ಆಟ ಆಡಿಸ್ತಾ ಇರಿ" ಅಂದರು. ನನ್ನ ಗಂಡ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ನಾದಿನಿ ಬನಶಂಕರಿಯಲ್ಲಿ, ಅವಳದೇ ಸಂಸಾರ. ನನಗೆ ಬೇಸಿಗೆ ರಜೆ. ಹೀಗೆ ಇಬ್ಬರು ದೊಡ್ಡವರು, ಪರಸ್ಪರ ಮಾತಿಲ್ಲದವರು, ಬಾಗಿಲು ಹಾಕಿದ ಮನೆಯಲ್ಲಿ ಆಟ ಆಡಬೇಕಾಗಿ ಬಂತು.

ಮೊದಲು ಚದುರಂಗ ತಂದೆ. ಮಾವ ಸರ್ಕಾರಿ ಇಂಜಿನಿಯರಾಗಿ ಸೇತುವೆ ಕಟ್ಟಿಸಿದವರು, ಬುದ್ಧಿಯ ಆಟ ಹಿಡಿಸೀತು ಅನ್ನಿಸಿತು. ಹಿಡಿಸಿತು ನಿಜ. ಅವರು ನನ್ನ ರಾಜನನ್ನು ಮೂಲೆಗೆ ಒತ್ತಿ ಮುಗಿಸಿ, ಗಡಿಯಾರ ನೋಡಿ, ಪೇಪರು ಬಿಡಿಸಿದರು. ಮೂರನೆಯ ದಿನ ನಾನೇ ಪೆಟ್ಟಿಗೆ ಮೇಲಿಟ್ಟೆ. ಆಮೇಲೆ ಹಾವು ಏಣಿ. ಒಂದಾಟ ಆಡಿ ಗೋಡೆಗೆ ಹೇಳಿದರು: "ಇದರಲ್ಲಿ ಆಡೋರು ಮಾಡೋದೇನಿದೆ? ದಾಳ ಹೇಳ್ದಂಗೆ ಹತ್ತೋದು, ಇಳಿಯೋದು." ಪಕ್ಕದ ಮನೆಯಿಂದ ಇಂಗ್ಲಿಷ್ ಅಕ್ಷರ ಜೋಡಿಸುವ ಆಟ ಕೇಳಿ ತಂದೆ. ಅವರು ಜೋಡಿಸಿದ ಪದಗಳೆಲ್ಲ ಸಿಮೆಂಟು ಕಬ್ಬಿಣಕ್ಕೆ ಸಂಬಂಧಿಸಿದವು, ನಾನು ಕೇಳಿಯೇ ಇರಲಿಲ್ಲ. ಡಿಕ್ಷನರಿ ತೆಗೆದೆ. ನಾನು ಅನುಮಾನ ಪಟ್ಟೆನೆಂದು ಅವರ ಕಿವಿ ಕೆಂಪಾಯಿತು. ಡಾಕ್ಟರು ಹೇಳಿದ ಉದ್ವೇಗ ಇದೇ ಇರಬೇಕೆಂದು ಆಟವನ್ನು ಆಗಲೇ ಹಿಂದಿರುಗಿಸಿ ಬಂದೆ.

ನಿಮಗೆ ನಗು ಬರಬಹುದು. ಆದರೆ ಆ ದಿನಗಳಲ್ಲಿ ನಾನು ಅಂಗಡಿಯಲ್ಲಿ ನಿಂತು ಆಟ ಆರಿಸುತ್ತಿದ್ದದ್ದು ಔಷಧಿ ಆರಿಸಿದ ಹಾಗೆ. ತೀರಾ ಸುಲಭವಾದರೆ ಅವರಿಗೆ ಅವಮಾನ, ತೀರಾ ಕಷ್ಟವಾದರೆ ನನಗೆ ಸೋಲು. ಪೂರ್ತಿ ಅದೃಷ್ಟವಾದರೆ ಬೇಸರ, ಪೂರ್ತಿ ಬುದ್ಧಿಯಾದರೆ ಮೌನ. ಆ ಮನೆಯಲ್ಲಿ ಮೌನ ಬೇಕಾದಷ್ಟಿತ್ತು.

ಕೊನೆಗೆ ಒಂದು ಬೆಳಿಗ್ಗೆ ಕೂರುವ ಮಣೆಯೊಂದನ್ನು ಮಗುಚಿ ಹಾಕಿ ಅದರ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆಗಳನ್ನು ಬರೆಯುತ್ತಿದ್ದೆ. ಐದು ಸಾಲು, ಐದು ಕಂಬ. ಕವಡೆ ಇರಲಿಲ್ಲ. ಹುಣಸೆ ಬೀಜದ ಒಂದು ಮಗ್ಗುಲನ್ನು ನೆಲಕ್ಕೆ ತೇದು ಬೆಳ್ಳಗೆ ಮಾಡಿಟ್ಟುಕೊಂಡಿದ್ದೆ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕಾ, ಅಂದರೆ ನಾಲ್ಕು. ನಾಲ್ಕೂ ಕರ್ರಗೆ ಬಿದ್ದರೆ ಬಾರ, ಎಂಟು. ಮಾವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಎದ್ದುಹೋಗಿ ಒಳಗಿನಿಂದ ಸ್ಕೇಲು ತಂದರು. ನನ್ನ ಸೊಟ್ಟ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತಾವೇ ನೆಟ್ಟಗೆ ಎಳೆದರು.

ಅವರ ಕಾಯಿ ಹಳೆಯ ಕೋಟಿನ ಗುಂಡಿ, ನನ್ನದು ಬಳೆ ಚೂರು. ಆಟ ಚೆನ್ನಾಗಿ ನಡೆಯಿತು. ನನ್ನ ಕಾಯೊಂದು ಹೊರಸುತ್ತು ಮುಗಿಸಿ ಒಳಗಿನ ಸುತ್ತಿಗೆ ಕಾಲಿಡುವುದರಲ್ಲಿತ್ತು.

"ಹಾಗೆ ಹೋಗೋ ಹಾಗಿಲ್ಲ" ಅಂದರು. "ಎದುರಾಳಿ ಕಾಯಿ ಒಂದನ್ನಾದ್ರೂ ಹೊಡೆದಿರಬೇಕು. ನೀನು ಇನ್ನೂ ಒಂದೂ ಹೊಡೆದಿಲ್ಲ."

"ನಮ್ಮ ಕಡೆ ಹೊಡೀಲಿಲ್ಲಂದ್ರೂ ಹೋಗ್ತಾರ್ರಿ ಮಾವಾರ."

"ನಿಮ್ಮ ಕಡೆ ಹೇಗೋ. ಇಲ್ಲಿ ಇಲ್ಲ."

ನಾನು ವಾದಿಸಿದೆ, ಅವರೂ ವಾದಿಸಿದರು. ಆ ದಿನ ಅಡುಗೆ ತಡವಾಯಿತು. ಸಾರಿಗೆ ಒಗ್ಗರಣೆ ಹಾಕುವಾಗ ನನಗೆ ಹೊಳೆಯಿತು, ಅವರು ನನ್ನನ್ನು ನೀನು ಎಂದಿದ್ದರು.

ಅಲ್ಲಿಂದ ದಿನವೂ ಆಟ. ಆದರೆ ನನ್ನ ಮೈಯೆಲ್ಲ ಕಣ್ಣು. ಚೌಕಾಬಾರದಲ್ಲಿ ನಡುವಿನ ಮನೆ ಸೇರಿ ಹಣ್ಣಾಗುವ ಹೊತ್ತಿಗೆ ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು, ಎಂಥವರಿಗೂ ಉರಿಯುತ್ತದೆ. ಮಾವನ ಕಾಯಿ ಹೊಡೆದಾಗಲೆಲ್ಲ ಅವರ ಕತ್ತಿನ ನರ ನೋಡುತ್ತಿದ್ದೆ. ಒಂದು ದಿನ ಹೆದರಿಕೆಯಾಗಿ, ಸಿಕ್ಕಿದ ಕಾಯನ್ನು ಹೊಡೆಯದೆ ಬೇರೆ ನಡೆಸಿದೆ. ಮರುದಿನವೂ ಹಾಗೇ ಮಾಡಿದೆ.

ಅವರು ಬೀಜಗಳನ್ನು ಕೈಯಲ್ಲೇ ಹಿಡಿದು ಕೂತರು. "ನನ್ನ ಕಾಯಿ ಅಲ್ಲಿತ್ತು. ಯಾಕೆ ಹೊಡೀಲಿಲ್ಲ?"

"ಕಾಣಲಿಲ್ರಿ."

"ಕಾಣ್ತು. ರೋಗಿ ಅಂತ ಬಿಟ್ಟೆ." ದನಿ ಏರಿಸಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಹಾಗೆ ಆಡೋದಾದ್ರೆ ನಂಗೆ ಆಟ ಬೇಡ. ಸಿಕ್ಕಿದ ಕಾಯಿ ಬಿಡೋನು ಆಟಗಾರ ಅಲ್ಲ. ನಾನು ಯಾವತ್ತೂ ಬಿಟ್ಟೋನಲ್ಲ."

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮತ್ತೆ ಗೋಡೆಗೆ ಮಾತು ಶುರುವಾಯಿತು. ಒಂದು ವಾರದವರೆಗೆ ನಾನು ಮಣೆಯ ಕಡೆ ನೋಡಲಿಲ್ಲ. ಆಮೇಲೊಂದು ಮಧ್ಯಾಹ್ನ ಅವರೇ ಮಣೆ ತಂದು ನಡುಮನೆಯಲ್ಲಿಟ್ಟು, ಗುಂಡಿಗಳನ್ನು ಜೋಡಿಸಿ ಕಾದು ಕೂತರು. ನಾನು ಹೋಗಿ ಕೂತು ಮೊದಲ ಅವಕಾಶಕ್ಕೇ ಅವರ ಕಾಯಿ ಹೊಡೆದೆ. ಅವರು ತಲೆಯಾಡಿಸಿದರು.

ನಾನು ಹೇಳಹೊರಟ ದಿನ ಬಂದದ್ದು ಮೇ ತಿಂಗಳ ಕೊನೆಯಲ್ಲಿ. ಸೆಖೆ ವಿಪರೀತ. ಊಟವಾಗಿ, ಒಂದು ನಿದ್ದೆ ತೆಗೆದು ಎದ್ದು ಆಡುತ್ತಿದ್ದೆವು. ನನ್ನ ಬಳೆ ಚೂರೊಂದು ಅವರ ಗುಂಡಿಗೆ ಸರಿಯಾಗಿ ನಾಲ್ಕು ಮನೆ ಮುಂದಿತ್ತು. ಅವರು ಬೀಜ ಹಾಕಿದರು. ನಾಲ್ಕೂ ಬೆಳ್ಳಗೆ ಬಿದ್ದವು. ಹೋಯಿತು ನನ್ನ ಕಾಯಿ ಅಂದುಕೊಂಡು ನಾನೇ ಅದರ ಮೇಲೆ ಬೆರಳಿಟ್ಟೆ. ಅವರು ಆ ಗುಂಡಿಯನ್ನು ಬಿಟ್ಟು, ಹಿಂದೆಲ್ಲೋ ಇದ್ದ ಇನ್ನೊಂದನ್ನು ನಾಲ್ಕು ಮನೆ ಸರಿಸಿದರು.

ನನಗೆ ಮೊದಲು ಬಂದದ್ದು ಸಿಟ್ಟು. ನನಗೆ ಬೈದವರು ಈಗ ತಾವೇ ದಯೆ ತೋರಿಸುತ್ತಿದ್ದಾರಲ್ಲ ಅನ್ನಿಸಿತು. ಕೇಳಿಬಿಡೋಣ ಎಂದು ತಲೆಯೆತ್ತಿದೆ. ಅವರ ಮೇಲ್ದುಟಿಯ ಮೇಲೆ ಸಣ್ಣಗೆ ಬೆವರು. ಎಡಗೈ ಮಣೆಯ ಅಂಚನ್ನು ಹಿಡಿದಿತ್ತು.

"ಮಾವಾರ, ಏನಾಗ್ಲಿಕತ್ತೇತಿ?"

"ಏನಿಲ್ಲ. ಮಧ್ಯಾಹ್ನದ ಹುಳಿ ಜಾಸ್ತಿ ಆಯ್ತು. ನಿನ್ನ ಆಟ ಆಡು."

"ಎದಿ ನೋವೇನ್ರಿ?"

"ನೋವು ಗೀವು ಏನಿಲ್ಲ."

ಎದ್ದು ಕಾರ್ಖಾನೆಗೆ ಫೋನ್ ಮಾಡಿದೆ. ಹೇಳಿ ಕಳಿಸುತ್ತೇವೆ ಅಂದರು. ನಾದಿನಿಗೆ ಮಾಡಿದೆ. "ಗ್ಯಾಸ್ ಇರ್ಬೇಕು ಅತ್ತಿಗೆ. ನೋವಿದ್ರೆ ಅಪ್ಪ ಹೇಳಲ್ವಾ? ಅಣ್ಣ ಬರ್ಲಿ ಇರಿ" ಅಂದಳು. ರಿಸೀವರ್ ಇಟ್ಟು ಅಲ್ಲೇ ನಿಂತೆ. ಅವಳು ಹೇಳಿದ್ದು ನಿಜವಿರಬಹುದು. ಬರೀ ಗ್ಯಾಸಾಗಿದ್ದು, ನಾನು ಈ ಮನುಷ್ಯನನ್ನು ಬೀದಿಯವರೆಲ್ಲ ನೋಡುವಂತೆ ಆಸ್ಪತ್ರೆಗೆ ಎಳೆದುಕೊಂಡು ಹೋದರೆ, ಬದುಕಿರುವವರೆಗೆ ಮತ್ತೆ ನನ್ನೊಡನೆ ಮಾತಾಡುವವರಲ್ಲ. ಇಷ್ಟು ಕಷ್ಟಪಟ್ಟು ಗಳಿಸಿದ 'ನೀನು' ಎಂಬ ಒಂದು ಮಾತು ಹೋಗಿಬಿಡುತ್ತದೆ. ಆದರೆ ಸಿಕ್ಕಿದ ಕಾಯಿ ಬಿಟ್ಟವರಲ್ಲ ಅವರು.

ಆಟೋ ನಿಲ್ಲಿಸಿ ಬಂದು, "ಚಪ್ಪಲಿ ಹಾಕ್ಕೋರಿ" ಅಂದೆ.

"ಯಾಕೆ?"

"ನಿಮಗೆ ಚೌಕಾ ಬಿದ್ದಿತ್ತು. ನನ್ನ ಕಾಯಿ ಹೊಡೀಲಿಲ್ಲ ನೀವು."

ಅವರು ಮಣೆಯನ್ನು ನೋಡಿದರು. ಗುಂಡಿಯಿಂದ ಬಳೆ ಚೂರಿನವರೆಗೆ ಕಣ್ಣಿನಲ್ಲೇ ಮನೆ ಎಣಿಸಿದರು. ಎಣಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು.

ಆಟೋದವನು ತಿಲಕ್ ನಗರದ ಸಂದಿಗಳಲ್ಲಿ ನುಗ್ಗಿಸಿದ. ಮಾರ್ಕೆಟ್ಟಿನ ಹತ್ತಿರ ಗಾಡಿಗಳು ಅಡ್ಡ ನಿಂತಿದ್ದವು. "ಅಂಕಲ್‌ಗೆ ಹುಷಾರಿಲ್ವಾ ಅಕ್ಕ?" ಎಂದು ಕನ್ನಡಿಯಲ್ಲಿ ನೋಡಿ ಕೇಳಿ, ಉತ್ತರಕ್ಕೆ ಕಾಯದೆ ಹಾರ್ನ್ ಒತ್ತಿ ಹಿಡಿದ. ಮಾವ ನನ್ನ ಭುಜಕ್ಕೆ ಒರಗಿದರು. ಅವರ ಭಾರ ಹೆಚ್ಚುತ್ತಾ ಹೋಯಿತು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು, ಎದೆ ನೋಯುತ್ತಾ ಎಂದು ಕೇಳಿದರು. ಮಾವ ಇಲ್ಲ ಅಂದರು. ಮತ್ತೇನು ತೊಂದರೆ ಎಂದು ನನ್ನ ಕಡೆ ತಿರುಗಿದರು. ನನಗೆ ಬೆಂಗಳೂರಿನ ಭಾಷೆ ಪೂರ್ತಿ ಮರೆತುಹೋಯಿತು.

"ಡಾಕ್ಟರ, ಚೌಕಾ ಬಿದ್ದಿತ್ರಿ. ನನ್ನ ಕಾಯಿ ಎದುರಿಗೇ ಸಿಕ್ಕಿತ್ರಿ. ಇವರು ಹೊಡೀಲಿಲ್ರಿ."

ಅವರು ನನ್ನನ್ನೂ ನರ್ಸನ್ನೂ ಒಮ್ಮೆ ನೋಡಿದರು. "ಇವರಿಗೆ ಮೊದಲೇ ಒಂದ್ಸಲ ಆಗೇತ್ರಿ, ಇಸಿಜಿ ತಗೀರಿ" ಅಂದೆ. ತೆಗೆದರು. ಯಂತ್ರದಿಂದ ಹೊರಬಂದ ಕಾಗದ ನೋಡುತ್ತಿದ್ದಂತೆ ಅವರ ಮುಖ ಬದಲಾಯಿತು. ಸ್ಟ್ರೆಚರ್ ಬಂತು, ಪರದೆ ಎಳೆದರು, ನನ್ನನ್ನು ಹೊರಗೆ ಕಳಿಸಿದರು. ಎರಡನೆಯ ಆಘಾತ ಆಗುತ್ತಲೇ ಇತ್ತು. ಕೆಲವರಿಗೆ ನೋವೇ ಗೊತ್ತಾಗುವುದಿಲ್ಲವಂತೆ. ಸಂಜೆಯವರೆಗೆ ಕಾದಿದ್ದರೆ ಕಷ್ಟವಿತ್ತು ಎಂದು ಆಮೇಲೆ ದೊಡ್ಡ ಡಾಕ್ಟರು ಹೇಳಿದರು.

ಮರುದಿನ ಮಾವನನ್ನು ನೋಡಲು ಒಳಗೆ ಬಿಟ್ಟಾಗ ನಾದಿನಿಯೂ ಇದ್ದಳು. ಭಯ ಇಳಿದಿತ್ತು, ಅದರ ಜಾಗಕ್ಕೆ ಸಿಟ್ಟು ಬಂದಿತ್ತು. "ಹೊಡಿ ಬಡಿ ಆಟ ಆಡ್ಸಿ ಆಡ್ಸಿ ಅಪ್ಪನ್ನ ಇಲ್ಲಿಗೆ ತಂದ್ರಿ ಅತ್ತಿಗೆ" ಅಂದಳು. ನನ್ನ ಗಂಡ ಕಿಟಕಿಯ ಕಡೆ ನೋಡುತ್ತಿದ್ದರು. ರಾತ್ರಿಯೆಲ್ಲ ನಾನೂ ಅದನ್ನೇ ಕೇಳಿಕೊಂಡಿದ್ದೆ.

ಮಾವ ಕಣ್ಣು ಮುಚ್ಚಿಕೊಂಡೇ, "ನಿಂಗೆ ಚೌಕಾಬಾರ ಬರುತ್ತಾ?" ಎಂದು ಮಗಳನ್ನು ಕೇಳಿದರು.

"ಇಲ್ಲಪ್ಪ."

"ಹಾಗಾದ್ರೆ ಸುಮ್ನಿರು."

ಆಮೇಲೆ ನನ್ನ ಹೆಸರು ಹಿಡಿದು ಕರೆದು ನೀರು ಕೇಳಿದರು. ಮೊದಲ ಸಲ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು. ಲೋಟ ಬಾಯಿಗೆ ಹಿಡಿದವಳು ಅವರ ಮುಖವನ್ನೇ ನೋಡುತ್ತಾ ಅಂಗಿಯ ಮೇಲೆ ನೀರು ಚೆಲ್ಲಿದೆ.

ಅವರು ಆಮೇಲೂ ಕೆಲವು ವರ್ಷ ಬದುಕಿದರು. ಆಡುತ್ತಲೇ ಇದ್ದೆವು. ನನ್ನ ಶಾಲೆಯ ದಿನಗಳಲ್ಲಿ ಸಂಜೆ, ರಜೆಯಲ್ಲಿ ಮಧ್ಯಾಹ್ನ. ಹೊಡೆಯದೆ ಒಳಗೆ ಹೋಗಬಹುದೋ ಇಲ್ಲವೋ ಎಂಬ ವಾದ ಮಾತ್ರ ಕೊನೆಯವರೆಗೂ ಮುಗಿಯಲಿಲ್ಲ. ಒಂದು ಬೆಳಗಿನ ಜಾವ ನಿದ್ದೆಯಲ್ಲೇ ಹೋದರು.

ಇದನ್ನೆಲ್ಲ ಅಂಗಡಿಯಿಂದ ಬಂದ ಸಂಜೆ ನಮ್ಮ ಯಜಮಾನರಿಗೆ ಹೇಳಿದೆ. ಆಸ್ಪತ್ರೆಯ ಭಾಗ ಅವರಿಗೆ ಗೊತ್ತಿದ್ದದ್ದೇ. ಆದರೆ ಸ್ಕೇಲು ತಂದು ಗೆರೆ ಎಳೆದದ್ದು, ಕೋಪ ಮಾಡಿಕೊಂಡು ಬಾಗಿಲು ಹಾಕಿಕೊಂಡದ್ದು, ತಾವೇ ಮಣೆ ತಂದು ಕಾದು ಕೂತದ್ದು, ಇವು ಯಾವುವೂ ಅವರು ಮನೆಯಲ್ಲಿದ್ದಾಗ ನಡೆದವಲ್ಲ. ಕೇಳುತ್ತಾ ಕೇಳುತ್ತಾ ಅವರ ನಗು ಕಡಿಮೆಯಾಯಿತು.

"ಸೋತಾಗ ಅಪ್ಪ ಏನಂತಿದ್ರು?" ಎಂದು ಕೇಳಿದರು.

"ಇನ್ನೊಂದಾಟ ಅಂತಿದ್ರು."

"ನಂಜೊತೆ ಅವರು ಒಂದು ದಿನವೂ ಆಡಿದ್ದಿಲ್ಲ" ಅಂದರು. "ಚಿಕ್ಕವನಿದ್ದಾಗ ಕೇರಂ ಬೋರ್ಡು ಹಿಡ್ಕೊಂಡು ಅವರ ಕೋಣೆ ಬಾಗಿಲಲ್ಲಿ ನಿಂತಿರ್ತಿದ್ದೆ. ಓದೋದಿಲ್ವಾ ಅಂತ ಕೇಳೋರು. ಅದೂ ನನ್ನ ನೋಡಿ ಅಲ್ಲ."

ಆ ಮನೆಯಲ್ಲಿ ಗೋಡೆಯ ಮೂಲಕ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಅವತ್ತು ಆಸ್ಪತ್ರೆಯಲ್ಲಿ ಅವರು ಕಿಟಕಿಯ ಕಡೆ ನೋಡುತ್ತಾ ನಿಂತದ್ದು ನೆನಪಾಯಿತು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲವೆಂದು ಅದನ್ನು ಒಳಗೇ ಇಟ್ಟುಕೊಂಡು ಬಂದಿದ್ದೆ. ಅಪ್ಪನೆದುರು ಬಾಯಿ ಬಿಟ್ಟು ಅವರಿಗೆ ಅಭ್ಯಾಸವೇ ಇರಲಿಲ್ಲ. ಅಪ್ಪ ಅಷ್ಟು ಸಲೀಸಾಗಿ ಒಬ್ಬರ ಹೆಸರು ಹಿಡಿದು ಕರೆದದ್ದನ್ನು ಅವರೂ ಅವತ್ತೇ ಮೊದಲು ಕೇಳಿದ್ದಿರಬೇಕು.

ನಾನು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡೆ. "ಬಾಗಿಲಲ್ಲಿ ನಿಂತು ಆಮೇಲೆ ಏನು ಮಾಡ್ತಿದ್ರಿ, ಹೇಳ್ರಿ" ಅಂದೆ.