ಮೇಲಿನ ಮನೆಯ ದೀದಿ ತೋರಿಸಿದ ಕಾಲೇಜುಗಳು

ಮೊನ್ನೆ ಸಂಜೆ ಬ್ಯಾಂಕಿನಿಂದ ಬರುವಾಗ ಗರಿಯಾಹಾಟ್ ಮಾರುಕಟ್ಟೆಯಲ್ಲಿ ಇಳಿದೆ. ತರಕಾರಿಯವಳು ಗಂಧರಾಜ ನಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿ ನನ್ನ ಮೂಗಿನ ಹತ್ತಿರ ಹಿಡಿದಳು. ಉದ್ದನೆಯ, ಒರಟು ಸಿಪ್ಪೆಯ ನಿಂಬೆ ಅದು. ರಸ ಕಡಿಮೆ, ಪರಿಮಳ ಮಾತ್ರ ಇಡೀ ಬೀದಿಗೆ ಸಾಕು. ಕಾಲು ಸೋತಿತ್ತು, ಚೀಲ ಭಾರವಾಗಿತ್ತು, ಮನೆಗೆ ಹೋದರೆ ಮತ್ತೆ ಅದೇ ಮಾತು ಕಾದಿತ್ತು. ಮಗಳು ಯಾವ ವಿಶ್ವವಿದ್ಯಾಲಯಕ್ಕೆ ಸೇರಬೇಕು ಎಂಬ, ರಿಸಲ್ಟ್ ಬಂದಾಗಿನಿಂದ ಮುಗಿಯದ ಮಾತು. ಆದರೂ ಆ ಪರಿಮಳಕ್ಕೆ ಅಲ್ಲೇ ನಿಂತುಬಿಟ್ಟೆ. ದೀದಿ ನೆನಪಾದಳು...

ನಾವು ಉಡುಪಿ ಕಡೆಯವರು. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಕಲ್ಕತ್ತಕ್ಕೆ ಬಂದಾಗ ನಾನಿನ್ನೂ ಚಿಕ್ಕವಳು. ಗರಿಯಾಹಾಟಿನ ಹಿಂದಿನ ಓಣಿಯಲ್ಲಿ ಒಂದು ಹಳೆಯ ಮನೆಯ ಕೆಳಗಿನ ಭಾಗ ನಮ್ಮದು, ಮೇಲಿನದು ದೀದಿಯವರದು. ದೀದಿ ಎಂದರೆ ಬಂಗಾಳಿಯಲ್ಲಿ ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು. ಓದಿನಲ್ಲಿ ಓಣಿಗೇ ಮೊದಲಿಗಳು. ಅವಳಿಗೆ ದೂರದ ಊರಿನ ದೊಡ್ಡ ಹೆಸರಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ ಅವಳ ಅಮ್ಮ ಮನೆಮನೆಗೆ ಸಂದೇಶ್ ಮಿಠಾಯಿ ಹಂಚಿದ್ದರು. ಹಿಂದಿನಿಂದ ನೋಡಿದರೂ ಗುರುತು ಸಿಗುವ ಉದ್ದ ಜಡೆಯ ಆ ಹುಡುಗಿ ಟ್ಯಾಕ್ಸಿ ಹತ್ತಿ ಹೋದದ್ದನ್ನು ಇಡೀ ಓಣಿ ನಿಂತು ನೋಡಿತ್ತು.

ದುರ್ಗಾಪೂಜೆಯ ರಜೆಗೆ ಬಂದವಳು ಮತ್ತೆ ಹೋಗಲಿಲ್ಲ.

ಜಾಂಡೀಸ್ ಆಗಿದೆ, ಹಾಸ್ಟೆಲಿನ ನೀರು ಸರಿಯಿಲ್ಲ ಎಂದು ಅವಳ ಅಮ್ಮ ಎಲ್ಲರಿಗೂ ಹೇಳಿದರು. ನನ್ನ ಅಮ್ಮ ಅದನ್ನು ನಂಬಿ, ಎಣ್ಣೆ ಹಾಕದ ಸಾರು ಮಾಡಿ ನನ್ನ ಕೈಯಲ್ಲಿ ಮೇಲೆ ಕಳಿಸುತ್ತಿದ್ದಳು. ದೀದಿ ಕಿಟಕಿಗೆ ಬೆನ್ನು ಹಾಕಿ ಕೂತಿರುತ್ತಿದ್ದಳು. ಮಾತಿಲ್ಲ. ನಮ್ಮ ಸಾರಿಗೆ ಗಂಧರಾಜ ಹಿಂಡಿ, ಅನ್ನ ಕಲಸಿ, ನಿಧಾನವಾಗಿ ತಿನ್ನುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಒಮ್ಮೆ ತಲೆಯೆತ್ತಿ, “ನಿಮ್ಮ ಸಾರಿನಲ್ಲಿ ಇದನ್ನು ಹಿಂಡಿದರೆ ಕಾಕಿಮಾಗೆ ಬೇಜಾರಾಗುತ್ತಾ?” ಎಂದು ಕೇಳಿದಳು. ನನ್ನ ಅಮ್ಮನನ್ನು ಅವಳು ಕಾಕಿಮಾ ಎನ್ನುತ್ತಿದ್ದಳು. ನಾನು ನಕ್ಕೆ. ಅವಳೂ ಸ್ವಲ್ಪ ನಕ್ಕಳು. ಹಿಂದಿ, ಬಂಗಾಳಿ ಕಲಸಿದ ನಮ್ಮ ಮಾತು ಅಲ್ಲಿಂದ ಶುರುವಾಯಿತು. ಮುಂದಿನ ವರ್ಷ ಅವಳು ಮನೆಯ ಹತ್ತಿರದ ವಿಶ್ವವಿದ್ಯಾಲಯಕ್ಕೇ ಸೇರಿದಳು. ಮುಖಕ್ಕೆ ಮೆಲ್ಲಗೆ ಬಣ್ಣ ಬಂತು, ಗೆಳತಿಯರು ಬಂದರು.

ನನ್ನ ಹನ್ನೆರಡನೆಯ ತರಗತಿ ಮುಗಿದಾಗ ನನಗೂ ದೂರದ ಅಂಥದೇ ಒಂದು ಕಡೆ ಸೀಟು ಸಿಕ್ಕಿತು. ಅಪ್ಪನಿಗೆ ಹೆಸರಿನ ಆಸೆ. ಅಮ್ಮ ಮಾತ್ರ ಒಪ್ಪಲಿಲ್ಲ.

“ಮೇಲಿನ ಹುಡುಗಿಯ ಅವಸ್ಥೆ ನೋಡಿದ್ದು ಸಾಕಾಗ್ಲಿಲ್ವಾ ನಿಮಗೆ? ಆ ನೀರು ಕುಡಿದು ಎಂಥ ಆಯ್ತು ಅವಳಿಗೆ? ಇಲ್ಲಿ ಕಾಲೇಜಿಲ್ವಾ?”

“ಅವಳಿಗೆ ಆದದ್ದು ಇವಳಿಗೂ ಆಗ್ತದೆ ಅಂತ ಉಂಟಾ?” ಎನ್ನುತ್ತಿದ್ದರು ಅಪ್ಪ.

ಊಟದ ಹೊತ್ತಿಗೆಲ್ಲ ಅದೇ. ನನಗೆ ಹೋಗುವ ಆಸೆಯೂ ಇತ್ತು, ದೀದಿಯ ಆ ಬೆನ್ನು ನೆನಪಾದರೆ ಹೆದರಿಕೆಯೂ ಆಗುತ್ತಿತ್ತು.

ದೀದಿಗೆ ಹೇಳಿದೆ. “ಮೊದಲು ಇಲ್ಲಿರುವುದನ್ನು ನೋಡು,” ಎಂದು ಅವಳೇ ಕರೆದುಕೊಂಡು ಹೊರಟಳು. ಉತ್ತರ ಕಲ್ಕತ್ತದ ಹಳೆಯ ಕಾಲೇಜು ಒಂದು ದಿನ, ಅವಳು ಓದುತ್ತಿದ್ದ ವಿಶ್ವವಿದ್ಯಾಲಯ ಇನ್ನೊಂದು ದಿನ. ಎರಡು ಕಡೆಯೂ ತರಗತಿ ಬಿಡುವ ಹೊತ್ತಿಗೇ ಹೋದೆವು. ಪಾಠ ಎಲ್ಲ ಕಡೆ ಪಾಠವೇ, ಪಾಠ ಮುಗಿದ ಮೇಲೆ ಅಲ್ಲಿ ಹೇಗಿರುತ್ತದೆ ನೋಡಬೇಕು ಎಂದಳು. ಹಳೆಯ ಕಾಲೇಜಿನಲ್ಲಿ ಮೆಟ್ಟಿಲುಗಳು ಭವ್ಯವಾಗಿದ್ದವು. ಗಂಟೆ ಬಾರಿಸಿದ್ದೇ ಎಲ್ಲರೂ ಟ್ಯೂಷನ್ನಿಗೆ ಓಡಿದರು. ಅವಳ ವಿಶ್ವವಿದ್ಯಾಲಯದಲ್ಲಿ ಕ್ಯಾಂಟೀನು ತುಂಬಿ ತುಳುಕುತ್ತಿತ್ತು. ನಾಟಕದ ಪೋಸ್ಟರ್ ಬರೆಯುತ್ತಿದ್ದ ಗುಂಪಿನ ಜೊತೆ ನಾನು ಹರಟೆಗೆ ಕೂತೇಬಿಟ್ಟೆ. ಕೈಗೆ ಬಣ್ಣ ಮೆತ್ತಿಕೊಂಡು, ನಡುನಡುವೆ ಗಡಿಯಾರ ನೋಡುತ್ತಾ. ಕತ್ತಲಾಗುವ ಮುಂಚೆ ಮನೆ ಸೇರಬೇಕೆಂಬುದು ಅಮ್ಮನ ಕಟ್ಟಳೆ. ದೀದಿ ದೂರದ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ಬಸ್ಸಿನಲ್ಲಿ ಬರುವಾಗ ಅವಳು ಹೇಳಿದ್ದು ನಾನು ಎಣಿಸಿದ್ದಕ್ಕೆ ಪೂರ್ತಿ ಉಲ್ಟಾ.

“ನೀನು ದೂರಕ್ಕೇ ಹೋಗು.”

ನಾನು ಬೆಪ್ಪಾಗಿ ನೋಡಿದೆ.

“ಓದು, ಜನ, ಊರು... ಮೂರೂ ಒಂದೇ ಕಡೆ ಸರಿಯಾಗಿ ಸಿಗುವುದಿಲ್ಲ. ಯಾವುದು ಕಡಿಮೆಯಾದರೆ ತಡೆದುಕೊಳ್ಳುತ್ತೀ ಅಂತ ನೋಡಿಕೊಳ್ಳಬೇಕು. ನನಗೆ ಜನ ಇಲ್ಲದೆ ಆಗಲಿಲ್ಲ. ನಿನಗೆ ಎಲ್ಲಿ ಹೋದರೂ ಜನ ಸಿಗುತ್ತಾರೆ. ಇಲ್ಲೇ ಇದ್ದರೆ ಗಡಿಯಾರ ನೋಡುತ್ತಲೇ ಓದು ಮುಗಿಸುತ್ತೀ.”

“ಅಮ್ಮ ಬಿಡುವುದಿಲ್ಲ ದೀದಿ. ನಿನ್ನ ಜಾಂಡೀಸಿನದ್ದೇ ಹೆದರಿಕೆ ಅವಳಿಗೆ.”

ಅವಳು ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಆ ಭಾನುವಾರ ಸಂಜೆ ಅವಳ ಅಮ್ಮ ನಮ್ಮಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ಅಪ್ಪನೂ ಇದ್ದರು. ದೀದಿ ಕೆಳಗಿಳಿದು ಬಂದವಳು ಬಾಗಿಲಲ್ಲೇ ನಿಂತು ನನ್ನ ಅಮ್ಮನನ್ನು ನೋಡಿದಳು.

“ಕಾಕಿಮಾ, ನನಗೆ ಜಾಂಡೀಸ್ ಆಗಿರಲಿಲ್ಲ.”

ಅವಳ ಅಮ್ಮನ ಕೈಯ ಚಹಾ ಕಪ್ಪು ಬಾಯಿಯ ಹತ್ತಿರವೇ ನಿಂತಿತು.

“ನೀರು ಚೆನ್ನಾಗಿಯೇ ಇತ್ತು. ಪಾಠವೂ ಚೆನ್ನಾಗಿತ್ತು. ನನಗೇ ಯಾರ ಜೊತೆಗೂ ಮಾತಾಡಲು ಬರಲಿಲ್ಲ. ಎಷ್ಟೋ ದಿನ ಬಾಯಿಂದ ಒಂದು ಶಬ್ದ ಹೊರಡುತ್ತಿರಲಿಲ್ಲ. ಒಂದು ದಿನ ಹಾಸಿಗೆಯಿಂದ ಏಳಲಿಕ್ಕೇ ಆಗಲಿಲ್ಲ, ಮರುದಿನವೂ ಆಗಲಿಲ್ಲ. ಅಷ್ಟೇ. ಇವಳು ಹಾಗಲ್ಲ. ನಾನು ನೋಡಿದ್ದೇನೆ. ಕಳಿಸಿ.”

ಅವಳ ಅಮ್ಮ ಕಪ್ಪು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದರು. ನನ್ನ ಅಮ್ಮ ಎದ್ದು ದೀದಿಯ ಕೈ ಹಿಡಿದು ಕೂರಿಸಿದಳು. ತನ್ನ ಅರೆಬರೆ ಹಿಂದಿಯಲ್ಲಿ ಏನೋ ಹೇಳಲು ಹೋಗಿ, ಕನ್ನಡದಲ್ಲೇ, “ಒಬ್ಬಳೇ ಎಷ್ಟು ಅನುಭವಿಸಿದೆ ಮಗಾ...” ಎಂದಳು. ದೀದಿಗೆ ಅದು ಅರ್ಥವಾಯಿತು.

ಮಾತು ಓಣಿಯಲ್ಲಿ ಹರಡಿತು. ಹುಡುಗಿಗೆ ತಲೆ ಸರಿಯಿಲ್ಲವಂತೆ ಎಂದವರೂ ಇದ್ದರು. ಅವಳ ಅಮ್ಮ ಬಹಳ ಕಾಲ ನಮ್ಮ ಮನೆಗೆ ಇಳಿಯಲಿಲ್ಲ. ಅಮ್ಮ ಕಳಿಸಿದ ಸಾರಿನ ಪಾತ್ರೆ ಮುಚ್ಚಳ ತೆಗೆಯದೆ ಹಾಗೆಯೇ ಹಿಂದೆ ಬಂತು. ನಾನು ಹೊರಡುವ ದಿನ ಹೌರಾ ಸ್ಟೇಷನ್ನಿಗೆ ಮೇಲಿನ ಮನೆಯಿಂದ ದೀದಿ ಒಬ್ಬಳೇ ಬಂದು ನಿಂತಿದ್ದಳು.

ಹೋದ ಊರಿನಲ್ಲಿ ಧೂಳು, ಸೆಖೆ, ಬಾಯಿಗೆ ಹತ್ತದ ಊಟ. ಮೊದಲ ದಿನಗಳಲ್ಲಿ ನಾನೂ ಅತ್ತೆ. ಆದರೆ ಜನ ಸಿಕ್ಕರು. ಓದು ಮುಗಿಯಿತು, ನನಗೂ ಬ್ಯಾಂಕಿನ ಕೆಲಸ ಸಿಕ್ಕಿತು, ಊರಿಂದೂರಿಗೆ ತಿರುಗಿದ್ದೂ ಆಯಿತು. ದೀದಿ ನಮ್ಮ ಓಣಿಯ ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾದಳು. ರಜೆಗೆ ಬಂದಾಗ ಒಮ್ಮೆ ನೋಡುತ್ತೇನೆ, ಅವಳ ಮೆಟ್ಟಿಲ ತುಂಬ ಚಪ್ಪಲಿಗಳು. ರಿಸಲ್ಟ್ ಬಂದ ಕಾಲ. ತಲೆ ಸರಿಯಿಲ್ಲವಂತೆ ಎಂದಿದ್ದವರೇ ತಮ್ಮ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅವಳು ಕಾಲೇಜುಗಳ ಹೆಸರು ಹೇಳುವ ಮೊದಲು ಮಕ್ಕಳನ್ನು ಎದುರು ಕೂರಿಸಿಕೊಂಡು ಸುಮ್ಮನೆ ಮಾತಾಡಿಸುತ್ತಿದ್ದಳು. ಅವಳ ಅಮ್ಮ ಎಲ್ಲರಿಗೂ ಚಹಾ ಕೊಡುತ್ತಾ ಓಡಾಡುತ್ತಿದ್ದರು. ನನ್ನನ್ನು ಕಂಡು, “ಬಾ, ಒಳಗೆ ಜಾಗ ಇಲ್ಲ, ಅಡುಗೆಮನೆಯಲ್ಲಿ ಕೂತುಕೋ,” ಎಂದರು. ಅಷ್ಟೇ, ಹಳೆಯದೆಲ್ಲ ಮುಗಿದಿತ್ತು.

ಆಮೇಲೆ ಅಪ್ಪ, ಅಮ್ಮ ಉಡುಪಿಗೆ ಮರಳಿದರು; ನನ್ನ ಮಗಳು ಹುಟ್ಟಿ ಬೆಳೆದದ್ದೆಲ್ಲ ಬೇರೆ ಊರುಗಳಲ್ಲಿ. ನಾನು ವರ್ಗವಾಗಿ ಮತ್ತೆ ಈ ಊರಿಗೆ ಬರುವ ಹೊತ್ತಿಗೆ ದೀದಿಗೆ ಕ್ಯಾನ್ಸರ್ ಬಲಿತಿತ್ತು. ಆಸ್ಪತ್ರೆಯಲ್ಲಿ ನೋಡಲು ನಾನೊಬ್ಬಳೇ ಹೋದಾಗ ಆ ಜಡೆ ಇರಲಿಲ್ಲ. ಮಗಳ ವಿಷಯ ಕೇಳಿದಳು.

“ಎಂಥವಳು ಅವಳು? ನಿನ್ನ ಹಾಗೋ, ನನ್ನ ಹಾಗೋ?”

“ಗೊತ್ತಾಗುವುದಿಲ್ಲ ದೀದಿ. ಒಂದೊಂದು ಸಲ ಒಂದೊಂದು ಥರ.”

“ರಿಸಲ್ಟ್ ಬಂದ ಮೇಲೆ ನನ್ನ ಹತ್ತಿರ ಕಳಿಸು,” ಎಂದಳು. ಆ ಚಳಿಗಾಲ ಮುಗಿಯುವ ಮುಂಚೆಯೇ ಹೋಗಿಬಿಟ್ಟಳು...

ಮೊನ್ನೆ ನಾನು ಚೀಲ ಇಳಿಸುವ ಮೊದಲೇ ಮಗಳು ಲ್ಯಾಪ್‌ಟಾಪ್ ತಿರುಗಿಸಿ ನನ್ನ ಮುಂದೆ ಹಿಡಿದಳು. ಒಂದು ಕಡೆ ಓದು ಚೆನ್ನ, ಇನ್ನೊಂದು ಕಡೆ ಕ್ಯಾಂಪಸ್ ಚೆನ್ನ, ಮತ್ತೊಂದು ಮನೆಗೆ ಹತ್ತಿರ.

“ಅಮ್ಮಾ, ಬೋಲೋ ನಾ. ನೀನಾಗಿದ್ರೆ ವಿಚ್ ಒನ್?”

“ನಾನಾಗಿದ್ರೆ ಬೇರೆ ಮಾರಾಯ್ತಿ. ಶನಿವಾರ ಹೋಗಿ ಇಲ್ಲಿಯದ್ದು ಒಂದು ನೋಡಿ ಬರುವ. ಕ್ಲಾಸು ಬಿಡುವ ಹೊತ್ತಿಗೆ.”

“ನೋಡಿದ್ರೆ ಎಂಥ ಗೊತ್ತಾಗ್ತದೆ?”

ದೀದಿಯ ಹಾಗೆ ಬೆಂಚಿನ ಮೇಲೆ ನಾನು ಕೂರಬಹುದು, ಇವಳನ್ನು ಇಡೀ ಸಂಜೆ ನೋಡಬಹುದು. ಆದರೆ ತಾಯಿಯ ಕಣ್ಣಿಗೆ ಕಾಣುವುದು ಬರೀ ತನ್ನದೇ ಆಸೆ, ತನ್ನದೇ ಹೆದರಿಕೆ. ಇವಳಿಗೆ ಯಾವುದು ಕಡಿಮೆಯಾದರೆ ತಡೆಯದು ಎಂದು ನೋಡಿ ಹೇಳಬಲ್ಲವಳು ಒಬ್ಬಳಿದ್ದಳು. ಇವಳನ್ನು ಅವಳು ಒಮ್ಮೆಯೂ ನೋಡಲಿಲ್ಲ.