ಆಸರಾಗಳಿಗೆ ಬರೆದ ಕಣ್ಣು

ತ್ರೀ ಫೇಸ್ ಕರೆಂಟು ಬಂದ ಕೂಡಲೇ ಬೇಡಕಿಹಾಳದ ಕಬ್ಬಿನ ಹೊಲದ ಬಾವಿಯಲ್ಲಿ ಮೋಟರು ಗುಂಯ್ ಎಂದು ಏಳುತ್ತದೆ. ಪೈಪಿನಲ್ಲಿ ಮೊದಲು ಗಾಳಿ ಕೆಮ್ಮುತ್ತದೆ, ಆಮೇಲೆ ನೀರು ಕಬ್ಬಿನ ಸಾಲಿಗೆ ಬೀಳುತ್ತದೆ. ಉಜ್ವಲಾಳ ಮನೆಯ ಹಿತ್ತಲಿಗೆ ಅಷ್ಟೂ ಸದ್ದು ಕೇಳುತ್ತದೆ.

ಬಾವಿಯ ಕಟ್ಟೆಯ ಮೇಲೆ ಅರಿಸಿನ ಹಚ್ಚಿದ ಏಳು ಕಲ್ಲುಗಳಿವೆ. ಅವರು ಆಸರಾಗಳು, ನೀರಿನಲ್ಲಿರುವ ಅಕ್ಕತಂಗಿ ದೇವತೆಯರು. ಬಾಣಂತಿಯರು ಬಂದು ಹಸಿರು ಬಳೆ, ಮೊಸರನ್ನ ಇಟ್ಟು ಹೋಗುತ್ತಾರೆ. ಆ ಕಲ್ಲುಗಳಿಗೆ ಯಾರೂ ಕಣ್ಣು ಬರೆಯುವುದಿಲ್ಲ. ಕಣ್ಣಿದ್ದರೆ ನೋಡುತ್ತಾರೆ, ನೋಡಿದರೆ ನೀರಿಗೆ ಕರೆಯುತ್ತಾರೆ ಎಂಬ ಅಂಜಿಕೆ.

ಉಜ್ವಲಾ ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಮಕ್ಕಳಿಗೆ ಹೂವಿನ ಕುಂಡ, ಸೂರ್ಯೋದಯ ಕಲಿಸಿ ಮನೆಗೆ ಬಂದು ಪ್ಲೈವುಡ್ ಹಲಗೆಯ ಮೇಲೆ ಬೇರೆಯದನ್ನೇ ಕಟ್ಟುತ್ತಾಳೆ. ಬಾವಿಯ ಕೆಸರು, ಒಡೆದ ಬಳೆ, ಕಂಬಳಿಯ ಉಣ್ಣೆ, ಅರಿಸಿನ, ಅಕ್ರಿಲಿಕ್ ಬಣ್ಣ ಎಲ್ಲ ಅಲ್ಲಿ ಒಂದಾಗುತ್ತವೆ. "ಮನ್ಯಾಗಿನ ಫೆವಿಕಾಲ ಎಲ್ಲಾ ದೇವ್ರ ತಿಂತಾವ" ಎಂದು ಗಂಡ ರಾಜಾರಾಮ ನಗುತ್ತಾನೆ.

ಈ ವರ್ಷ ಅವಳು ಆಸರಾಗಳನ್ನು ಮಾಡಿದಳು. ಕೊನೆಯವಳ ಮುಖಕ್ಕೆ ಬಟ್ಟೆ ಕೊಟ್ಟದ್ದು ನೆರೆಮನೆಯ ಅನುಸೂಯಾ ಕಾಕು. ಕಾಕುವಿನ ಮಗಳು ಸುಂದರಾ ಹುಡುಗಿಯಾಗಿದ್ದಾಗಲೇ ಅದೇ ಬಾವಿಯಲ್ಲಿ ಜಾರಿ ಬಿದ್ದು ತೀರಿಕೊಂಡಿದ್ದಳು. ಮೈನೆರೆದಾಗ ಅವಳಿಗೆ ಉಡಿ ತುಂಬಿದ್ದ ಕುಪ್ಪಸದ ಖಣವನ್ನು ಕಾಕು ಟ್ರಂಕಿನಿಂದ ತೆಗೆದುಕೊಟ್ಟು ಒಂದೇ ಮಾತು ಹೇಳಿದ್ದಳು: "ಮಾಡವಾ. ಆದ್ರ ಕಣ್ಣ ಬರಿಬ್ಯಾಡ. ನನ್ನ ಹುಡುಗಿ ಇನ್ಯಾರನ್ನೂ ಕರಿಯೂದು ಬ್ಯಾಡ."

ನಿಪ್ಪಾಣಿಯ ಪ್ರದರ್ಶನಕ್ಕೆ ಆ ಹಲಗೆಯನ್ನು ಒಯ್ದವನು ವಿಕ್ರಾಂತ, ಉಜ್ವಲಾಳ ಜೊತೆಗೇ ಚಿತ್ರಕಲೆ ಕಲಿತವನು. ಉದ್ಘಾಟನೆಯ ಹಿಂದಿನ ದಿನ ಅವಳು ಹೋಗಿ ನೋಡಿದರೆ ಎಲ್ಲ ಮುಖಗಳಲ್ಲೂ ಕಾಡಿಗೆ ಹಚ್ಚಿದ ದೊಡ್ಡ ದೊಡ್ಡ ಕಣ್ಣು. ರೆಪ್ಪೆಯನ್ನೂ ಬಿಟ್ಟಿರಲಿಲ್ಲ.

"ಯಾರ ಬರದ್ರು ಇದನ್ನ?"

"ನಾನ. ಸಿಟ್ಟಾಗಬ್ಯಾಡ ಮಾರಾಯ್ತಿ. ಒಬ್ಬ ಹೋಟೆಲ್ ಸಾಹುಕಾರ ಕೊಳ್ಳಾಕ ಬಂದಿದ್ದ, ಭಾಳ ಮೆಚ್ಚಿದ. ಕಣ್ಣಿಲ್ಲದ್ದ ಗ್ವಾಡಿಗಿದ್ರ ಉಣ್ಣೂ ಮಂದಿ ಅಂಜತಾರ ಅಂದ."

"ಮಂದಿ ಅಂಜಲಿ ಅಂತನ ಮಾಡೇನಿ."

"ದೇವ್ರಿಗೆ ಕಣ್ಣ ಕೊಟ್ರ ಪುಣ್ಯ ಅಂತಾರ. ನೀ ನೋಡಿದ್ರ ಜಗಳಕ್ಕ ನಿಂತಿ!"

"ಪುಣ್ಯಾ ನಿನ್ನ ಯಾರ ಕೇಳಿದ್ರು? ಫೋನ್ ಇರಲಿಲ್ಲಾ ಕೈಯಾಗ? ಒಂದ ಮಾತ ಕೇಳಾಕ ಆಗಲಿಲ್ಲ?"

"ಇಷ್ಟಕ್ಕ ಇಷ್ಟ ಯಾಕ? ಒರಸೂಣ ಬಿಡು."

ವಿಕ್ರಾಂತ ಒದ್ದೆ ಅರಿವೆ ತಂದು ಕೊನೆಯ ಮುಖವನ್ನು ಉಜ್ಜಿದ. ಬಣ್ಣ ಕದಲಲಿಲ್ಲ, ಖಣದ ಎಳೆಗಳು ಎದ್ದು ಬಂದವು. ಉಜ್ವಲಾ ಅವನ ಮಣಿಕಟ್ಟು ಹಿಡಿದಳು.

"ಮುಟ್ಟಬ್ಯಾಡ. ಬಾವ್ಯಾಗ ಸತ್ತ ಹುಡುಗೀದು ಇದು. ನಾಳೆ ಆಕಿ ಅವ್ವ ಬಸ್ ಹತ್ತಿ ನೋಡಾಕ ಬರ್ತಾಳ. ಕಣ್ಣ ಬರಿಯೂದಿಲ್ಲ ಅಂತ ಆಕೀಗೆ ಮಾತ ಕೊಟ್ಟೇನಿ."

ವಿಕ್ರಾಂತ ಅರಿವೆ ಕೆಳಗಿಟ್ಟ. ಆಮೇಲೆ ಮೆಲ್ಲಗೆ, ಸಮಾಧಾನ ಹೇಳುವವನಂತೆ ಅಂದ: "ಹಂಗಾರ ಛಲೋನ ಆತಲ್ಲ. ಮಗಳ ಮಾರಿ ಕಂಡಂಗ ಆಗ್ತೈತಿ, ಮುದುಕಿ ಖುಷಿ ಪಡ್ತಾಳ."

ಅವನ ದನಿಯಲ್ಲಿ ಕೆಡುಕಿರಲಿಲ್ಲ. ಅದನ್ನೇ ಉಜ್ವಲಾಳಿಗೆ ತಡೆದುಕೊಳ್ಳಲಾಗಲಿಲ್ಲ. ಊರಿನವರು ಅಂಜುತ್ತ, ಕೈಮುಗಿಯುತ್ತ ಬರೆಯದೆ ಬಿಟ್ಟದ್ದನ್ನು ಇವನು ಮರೆತು ಬಿಟ್ಟದ್ದೆಂದು ತಿಳಿದಿದ್ದ. ತುಂಬಿಸಿಕೊಟ್ಟದ್ದಕ್ಕೆ ಕೃತಜ್ಞತೆಯನ್ನೂ ನಿರೀಕ್ಷಿಸುತ್ತಿದ್ದ.

ಅವಳು ಹಲಗೆಯನ್ನು ಮೊಳೆಯಿಂದ ಇಳಿಸಿದಳು. ಬೀದಿಯಲ್ಲಿ ಯಾರ ಮೇಲೂ ಆ ನೋಟ ಬೀಳದಂತೆ ಕಣ್ಣುಗಳನ್ನು ತನ್ನ ಮೈಗೆ ತಿರುಗಿಸಿ ಅಪ್ಪಿ ಹಿಡಿದಳು.

"ಏ ಉಜ್ವಲಾ, ನಾಳೆ ಗ್ವಾಡಿ ಬೋಳ ಕಾಣ್ತೈತಿ! ಮಂದಿಗೆ ಏನ ಹೇಳ್ಲಿ?"

"ಇದ್ದದ್ದ ನಿನ್ನ ಬಾಯಿಲೆ ಹೇಳು: ಒಬ್ಬಾಕಿ ತಾಯಿ ಬ್ಯಾಡ ಅಂದಿದ್ಲು, ನಾನು ಯಾರನ್ನೂ ಕೇಳದ ಕುಂಚ ಹಿಡದು ಆ ಸತ್ತ ಹುಡುಗಿ ಮಾರಿ ಮ್ಯಾಲ..." ಎನ್ನುತ್ತ ಉಜ್ವಲಾ ಮೆಟ್ಟಿಲಿಳಿದು, ಮಾತನ್ನು ಅಷ್ಟಕ್ಕೇ ಬಿಟ್ಟು, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.